ಪ್ರೈಮರ್ ಕಾರಿಗೆ ಕುಂಕುಮವೇ?

ಹೊಸ ಕಾರು ಬೀದಿಗೆ ಬಂದರೆ ಜನ ಒಮ್ಮೆ ನೋಡಿ ಮುಂದೆ ಹೋಗುತ್ತಾರೆ. ಪ್ರೈಮರ್ ಹೊಡೆದ ಕಾರು ಬಂದು ನಿಂತರೆ ಮಾತ್ರ ಯಾರಿಗೂ ಸುಮ್ಮನೆ ಹೋಗಲು ಮನಸ್ಸಾಗುವುದಿಲ್ಲ. ಹಾಲಿನವನು, ಮೀಟರ್ ಓದುವವನು, ವಾಕಿಂಗ್ ಹೊರಟ ನಿವೃತ್ತರು, ಎಲ್ಲರೂ ಒಂದು ಗಳಿಗೆ ನಿಂತು "ಎಲ್ಲಿ ಗುದ್ದಿಸಿದ್ರಿ?" ಎಂದು ಕೇಳಿ, ಉತ್ತರಕ್ಕೂ ಕಾಯದೆ, ಯಾವ ಬಣ್ಣ ಹೊಡೆಸಬೇಕೆಂದು ಅಪ್ಪಣೆ ಕೊಟ್ಟು ಹೋಗುತ್ತಾರೆ. ಬಣ್ಣದ ವಿಷಯದಲ್ಲಿ ನಮ್ಮವರೆಲ್ಲ ಪಂಡಿತರೇ. ಬಣ್ಣದ ಕೆಳಗೆ ಏನು ಹಾಕಿಸಿದ್ದೀರಿ ಎಂದು ಕೇಳುವವರನ್ನು ಮಾತ್ರ ದೀಪ ಹಚ್ಚಿ ಹುಡುಕಬೇಕು.

ಶಿವಮೊಗ್ಗದ ನಮ್ಮ ಬೀದಿಯಲ್ಲಿ ಸದ್ಯ ಈ ಸಲಹೆಗಳ ಮಳೆ ಬೀಳುತ್ತಿರುವುದು ಪಕ್ಕದ ಮನೆ ರಾಯರ ಕಾರಿನ ಮೇಲೆ. ಕೆಂಪು ಮಾರುತಿ 800. 1983ರ ಡಿಸೆಂಬರಿನಲ್ಲಿ ದೇಶದ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿ ನಿಂತುಹೋದ ಆ ಪುಟ್ಟ ಗಾಡಿಯ ಮೇಲೆ ರಾಯರಿಗೆ ವಿಪರೀತ ಅಭಿಮಾನ. ಅವರ ಹಿತ್ತಿಲ ತೆಂಗಿನ ಮರಕ್ಕೆ ಆ ಅಭಿಮಾನವಿಲ್ಲ. ಆಷಾಢದ ಗಾಳಿಗೆ ಎರಡು ಕಾಯಿ ನೇರವಾಗಿ ಬಾನೆಟ್ ಮೇಲೆ ಬಿದ್ದವು. ಅದನ್ನು ಟಿಂಕರಿಂಗಿಗೆ ಬಿಡಲು ಹೊರಟ ದಾರಿಯಲ್ಲೇ ಅಡಿಕೆ ಮೂಟೆ ತುಂಬಿದ್ದ ಗೂಡ್ಸ್ ಆಟೋ ಎಡಗಡೆ ಫೆಂಡರನ್ನು ಸವರಿಕೊಂಡು ಹೋಯಿತು. ಬಾನೆಟ್ಟನ್ನು ತಟ್ಟಿ ನೆಟ್ಟಗೆ ಮಾಡಿ ಪುಟ್ಟಿ ಮೆತ್ತಿ ಬೂದು ಪ್ರೈಮರ್ ಹೊಡೆದರು. ಫೆಂಡರ್ ರಿಪೇರಿಗೆ ಬಗ್ಗದ್ದರಿಂದ ಹೊಸದೇ ಬಂತು, ಕಪ್ಪು ಬಣ್ಣದ್ದು. ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದ ಜೊತೆಗೆ ತೀರ್ಥಹಳ್ಳಿಯಲ್ಲಿ ಒಂದು ಮದುವೆಯೂ ಬಂತು. ರಾಯರು ಪೇಂಟರ್ ಮೇಸ್ತ್ರಿಯ ಮಾತು ಕೇಳದೆ, ಮೈಮೇಲೆ ಮೂರು ಬಣ್ಣ ಹೊತ್ತಿದ್ದ ಕಾರನ್ನು ಶೆಡ್ಡಿನಿಂದ ಹೊರಡಿಸಿಕೊಂಡು ಬಂದೇಬಿಟ್ಟರು.

ಕಾಂಪೌಂಡಿನ ಈ ಕಡೆ ನಾನು ದಾಸವಾಳ ಕೊಯ್ಯುತ್ತಿದ್ದೆ. ಆ ಕಡೆ ರಾಯರ ಮನೆಯವರು ಅರಿಶಿನ ಕುಂಕುಮದ ಬಟ್ಟಲು ಹಿಡಿದು ಬಾನೆಟ್ ಮುಂದೆ ನಿಂತಿದ್ದರು. ಅವರನ್ನು ನಾವು ಅತ್ತಿಗೆ ಅಂತಲೇ ಕರೆಯುವುದು.

"ಅತ್ತಿಗೆ, ಕುಂಕುಮ ಬೇಡ!"

"ಯಾಕಪ್ಪಾ? ಶುಭಕಾರ್ಯಕ್ಕೆ ಹೊರಟ ಗಾಡಿ. ಬೋಳು ಹಣೆಯಲ್ಲಿ ಕಳಿಸ್ಲಾ?"

"ಹಣೆಗಲ್ಲ, ಗಾಜಿಗೆ ಹಚ್ಚಿ. ಬೂದು ಬಣ್ಣದ ಮೇಲೆ ಬೇಡ. ಅದು ಕುಡೀತದೆ."

"ಎಂತ ಕುಡೀತದೆ?" ಎಂದು ರಾಯರು ಒಳಗಿಂದ ಬಂದರು. ಕುಡಿಯುವ ವಿಷಯ ಅವರ ಕಿವಿಗೆ ಬೇಗ ಬೀಳುತ್ತದೆ, ಕಾಫಿ ಇರಬಹುದೆಂದು.

ಇಷ್ಟಕ್ಕೂ ನಾನ್ಯಾಕೆ ಇದರಲ್ಲಿ ಮೂಗು ತೂರಿಸುತ್ತೇನೆಂದರೆ, ನಾನು ಉದ್ಯೋಗದಲ್ಲಿದ್ದಾಗ ಮೋಟಾರು ವಿಮೆಯ ಸರ್ವೇಯರ್. ಗುದ್ದಿದ ಗಾಡಿಗಳನ್ನು ನೋಡುವುದೇ ಕೆಲಸ. ಗುದ್ದಿದ್ದು ಎಲ್ಲರಿಗೂ ಕಾಣುತ್ತದೆ. ರಿಪೇರಿಯಾಗಿ ಬಂದ ಗಾಡಿಯನ್ನು ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ಪೇಂಟರು ಎಲ್ಲೆಲ್ಲಿ ಕೈ ಕದ್ದಿದ್ದಾನೆಂಬ ಪೂರ್ತಿ ಪಂಚಾಂಗ ಬಾನೆಟ್ ಮೇಲೆ ಓದಲು ಸಿಗುತ್ತದೆ.

"ರಾಯರೇ, ಈ ಬೂದು ಬಣ್ಣ ಇದೆಯಲ್ಲ, ಇದಕ್ಕೆ ಪ್ರೈಮರ್ ಸರ್ಫೇಸರ್ ಅಂತಾರೆ. ಇದು ನೀರು ತಡೆಯೋದಕ್ಕೆ ಮಾಡಿದ್ದಲ್ಲ. ಉಜ್ಜೋದಕ್ಕೆ ಮಾಡಿದ್ದು. ಪುಟ್ಟಿಯ ಸಣ್ಣ ತೂತು, ಪೇಪರಿನ ಗೀರು ಎಲ್ಲ ತುಂಬಿಕೊಳ್ಳಲಿ, ಆಮೇಲೆ ಸುಲಭವಾಗಿ ಉಜ್ಜಲು ಬರಲಿ ಅಂತ ಅದರಲ್ಲಿ ಟಾಲ್ಕಿನಂಥ ಪುಡಿ ಧಾರಾಳವಾಗಿ ಇರ್ತದೆ. ಪುಡಿ ಜಾಸ್ತಿ ಇದ್ದಲ್ಲಿ ಸಂದು ಜಾಸ್ತಿ. ಸಂದಿನಲ್ಲಿ ನೀರು ಕೂರ್ತದೆ, ಎಣ್ಣೆ ಕೂರ್ತದೆ, ಅತ್ತಿಗೆಯ ಕುಂಕುಮದ ಬಣ್ಣವೂ ಕೂರ್ತದೆ."

"ಕೂತ್ರೆ ಕೂರ್ಲಿ ಮಾರಾಯ್ರೇ. ಮೇಲೆ ಕೆಂಪು ಬಣ್ಣವೇ ಬರೋದಲ್ವಾ? ಕುಂಕುಮವೂ ಕೆಂಪೇ."

ಈ ತರ್ಕಕ್ಕೆ ಉತ್ತರ ಕೊಡುವುದು ಕಷ್ಟ. ಆದರೆ ನೀರಿನ ವಿಷಯ ನಗುವಂಥದ್ದಲ್ಲ. ಪ್ರೈಮರಿನ ಒಳಗೆ ಹೊಕ್ಕ ನೀರು ಹೊರಗಿನಿಂದ ಒಣಗಿದಂತೆ ಕಾಣುತ್ತದೆ. ಅದರ ಮೇಲೆ ಬಣ್ಣ ಹೊಡೆದರೆ ಒಳಗಿದ್ದದ್ದು ಒಳಗೇ ಸೆರೆ. ಆಮೇಲೆ ಮಾರ್ಚ್ ತಿಂಗಳ ಬಿಸಿಲಿಗೆ ತಗಡು ಕೈಯಿಡಲಾಗದಷ್ಟು ಕಾಯುತ್ತದೆ. ನೀರು ಆವಿಯಾಗಿ ಜಾಗ ಕೇಳುತ್ತದೆ. ಬಣ್ಣದ ಮೇಲೆ ಸಾಸಿವೆ ಗಾತ್ರದ ಗುಳ್ಳೆಗಳೇಳುತ್ತವೆ. ಬೋರ್‌ವೆಲ್ ನೀರಾದರೆ ಇನ್ನೊಂದು ತಾಪತ್ರಯ. ನೀರು ಆರಿಹೋದರೂ ಅದರ ಉಪ್ಪು ಪ್ರೈಮರಿನಲ್ಲೇ ಉಳಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಆ ಉಪ್ಪು ಬಣ್ಣದ ಪದರದ ಮೂಲಕವೇ ತೇವವನ್ನು ಎಳೆದುಕೊಂಡು ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಗುಳ್ಳೆ ಒಡೆದರೆ ಒಳಗೆ ತುಕ್ಕು ಕಾದಿರುತ್ತದೆ. ಗಾಡಿಯ ಯಜಮಾನ ಹೋಗಿ "ಬಣ್ಣ ಸರಿಯಿಲ್ಲ" ಎಂದು ಜಗಳ ಆಡುತ್ತಾನೆ. ಪಾಪ, ಬಣ್ಣದ್ದೇನು ತಪ್ಪು?

ಈ ಗುಳ್ಳೆಯ ವ್ಯಾಜ್ಯಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಂಪನಿ ಹೆಸರು ಹೊತ್ತ ದೊಡ್ಡ ವರ್ಕ್‌ಶಾಪಿನಲ್ಲೂ ಕಂಡಿದ್ದೇನೆ, ಮರದ ನೆರಳಿನಲ್ಲಿ ಕಂಪ್ರೆಸರ್ ಇಟ್ಟುಕೊಂಡವನ ಹತ್ತಿರವೂ ಕಂಡಿದ್ದೇನೆ. ಕೊನೆಗೆ ಕಾರಣ ಹುಡುಕಿದರೆ ಬಹುಪಾಲು ಒಂದೇ ಜಾಗಕ್ಕೆ ಬಂದು ನಿಲ್ಲುತ್ತದೆ: ಪ್ರೈಮರ್ ಒಣಗಿದ ಹೊತ್ತಿನಿಂದ ಬಣ್ಣದ ಗನ್ ಎತ್ತುವ ಹೊತ್ತಿನವರೆಗೆ ಆಗಬೇಕಾದ ಕೆಲಸ ಆಗಿಲ್ಲ. ಪ್ರೈಮರ್ ಬಿದ್ದ ಕೂಡಲೇ ಗಾಡಿಯ ಗಾಯ ಮುಚ್ಚಿ ಮೈ ಒಂದೇ ಸಮನಾಗಿ ಕಾಣುತ್ತದೆ. ಯಜಮಾನನಿಗೆ ಕೆಲಸ ಮುಗಿದಂತೆ ಅನಿಸುತ್ತದೆ, "ನಾಳೆ ಕೊಡ್ತೀಯಲ್ಲ?" ಎಂದು ಶುರು ಮಾಡುತ್ತಾನೆ. ಪೇಂಟರಿಗೂ ಮುಂದಿನ ಗಾಡಿ ಕಾದಿರುತ್ತದೆ. ಇಬ್ಬರ ಅವಸರವೂ ಒಂದೇ ಹೊತ್ತಿಗೆ ಕೂಡಿಬರುವುದು ಇಲ್ಲೇ.

"ಹಾಗಾದ್ರೆ ಆ ಕಪ್ಪು ಫೆಂಡರ್? ಅದೂ ಪ್ರೈಮರೇ ಅಲ್ವಾ? ಅದೂ ಕುಡೀತದಾ?" ರಾಯರು ಈಗ ಕಾಂಪೌಂಡಿಗೆ ಮೊಣಕೈ ಊರಿದರು. ಮೊಣಕೈ ಊರಿದರೆಂದರೆ ಮದುವೆಯ ಮುಹೂರ್ತ ತಪ್ಪಿದರೂ ಚಿಂತೆಯಿಲ್ಲ ಎಂದರ್ಥ.

ಕಪ್ಪು ಫೆಂಡರಿನದ್ದು ಬೇರೆಯೇ ಕುಲ. ಕಾರ್ಖಾನೆಯಲ್ಲಿ ತಗಡನ್ನು ನೀರಿನಂಥ ಬಣ್ಣದ ತೊಟ್ಟಿಗೆ ಪೂರ್ತಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ನೀರಿನಲ್ಲಿ ಹರಡಿಕೊಂಡಿರುವ ರಾಳದ ಕಣಗಳು ಆ ಸೆಳೆತಕ್ಕೆ ತಗಡಿಗೆ ಬಂದು ಅಂಟುತ್ತವೆ. ಗನ್ ತಲುಪದ ಸಂದುಗೊಂದುಗಳಲ್ಲೂ ಹೋಗಿ ಕೂರುತ್ತವೆ. ಆಮೇಲೆ 160ರಿಂದ 180 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ಪದರದ ದಪ್ಪ 20 ಮೈಕ್ರಾನಿನ ಆಸುಪಾಸು, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ. ಇದಕ್ಕೆ ಇಡಿ ಕೋಟ್ ಅಂತಾರೆ. ಅಮೆರಿಕದ ಫೋರ್ಡ್ ಕಂಪನಿ 1960ರ ದಶಕದಲ್ಲಿ ಕಾರಿಗೆ ತಂದ ವಿದ್ಯೆ. ಈಗ ಲೋಕದ ಬಹುತೇಕ ಕಾರುಗಳ ತಗಡಿನ ಮೈಗೆ ಇದೇ ಮೊದಲ ಬಣ್ಣದ ಸ್ನಾನ. ತುಕ್ಕು ತಡೆಯಲು ಇದಕ್ಕಿಂತ ಒಳ್ಳೆಯದನ್ನು ಶೆಡ್ಡಿನಲ್ಲಿ ಯಾರೂ ಹೊಡೆಯಲಾರರು. ಹಾಗಾಗಿ ಅದನ್ನು ಕೆರೆದು ತಗಡು ಕಾಣಿಸುವ ಉತ್ಸಾಹಿ ಪೇಂಟರಿಗೆ ಕೈಮುಗಿದು ನಿಲ್ಲಿಸಬೇಕು. ಅದಕ್ಕೆ ಬೇಕಾದದ್ದು 320 ಅಥವಾ 400 ನಂಬರ್ ಪೇಪರಿನಲ್ಲೋ ಸ್ಕಾಚ್ ಬ್ರೈಟ್ ಪ್ಯಾಡಿನಲ್ಲೋ ಹೊಳಪು ಸಾಯುವಷ್ಟು ತಿಕ್ಕುವುದು, ಅಷ್ಟೇ. ಹೊಳಪಿನ ಮೇಲೆ ಯಾವ ಬಣ್ಣವೂ ಕಚ್ಚಿಕೊಳ್ಳುವುದಿಲ್ಲ. ಹಾಗಂತ ಅದನ್ನು ವರ್ಷಗಟ್ಟಲೆ ಬಿಸಿಲಿಗೆ ಬಿಡುವ ಹಾಗೂ ಇಲ್ಲ. ಬಿಸಿಲು ತಾಗುತ್ತ ಹೋದರೆ ಪುಡಿಪುಡಿಯಾಗುತ್ತದೆ.

"ಆದ್ರೆ ಒಂದು ಪರೀಕ್ಷೆ ಮಾಡ್ಸಿ ರಾಯರೇ. ಕಪ್ಪಾಗಿದ್ದದ್ದೆಲ್ಲ ಇಡಿ ಕೋಟ್ ಅಲ್ಲ. ಅಗ್ಗದ ಮಾಲು ಗೋದಾಮಿನಲ್ಲಿ ತುಕ್ಕು ಹಿಡಿಯಬಾರದು ಅಂತ ಮೇಲೆ ಸುಮ್ಮನೆ ಏನೋ ಕಪ್ಪು ಬಳಿದು ಕಳಿಸೋದೂ ಉಂಟು. ಫೆಂಡರಿನ ಒಳಮೈಗೆ ಥಿನ್ನರ್ ಅದ್ದಿದ ಬಟ್ಟೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಬಿಟ್ಟರೆ, ಅದು ದಾರಿಖರ್ಚಿನ ಬಣ್ಣ. ಅದನ್ನು ಪೂರ್ತಿ ತೆಗೆದು, ಬರಿ ತಗಡಿಗೆ ಎಪಾಕ್ಸಿ ಪ್ರೈಮರಿನಿಂದ ಹೊಸದಾಗಿ ಶುರು ಮಾಡ್ಬೇಕು. ಬಟ್ಟೆ ಶುಭ್ರವಾಗಿ ಬಂದ್ರೆ ನೀವು ಅದೃಷ್ಟವಂತರು."

ರಾಯರು ಆಗಲೇ ಮನೆಯೊಳಗೆ ಹೋಗಿ ಅತ್ತಿಗೆಯ ನೇಲ್ ಪಾಲಿಶ್ ತೆಗೆಯುವ ಸೀಸೆ ಹಿಡಿದು ಬಂದರು. ಥಿನ್ನರ್ ಇಲ್ಲದ ಮನೆಯಲ್ಲಿ ಅದೂ ನಡೆಯುತ್ತದೆ. ಹತ್ತಿ ಉಂಡೆ ಕಪ್ಪಾಗಲಿಲ್ಲ. ರಾಯರು ಅದನ್ನು ಬೀದಿಯ ಎರಡೂ ಕಡೆಗೆ ಎತ್ತಿ ತೋರಿಸಿದರು.

ಇನ್ನು ಬೂದು ಬಾನೆಟ್ಟು, ಕಪ್ಪು ಫೆಂಡರು, ಪಕ್ಕದಲ್ಲೇ ಹಳೇ ಕೆಂಪಿನ ಬಾಗಿಲು. ಇವುಗಳ ಮೇಲೆ ನೇರವಾಗಿ ಕೆಂಪು ಹೊಡೆದರೆ ಏನಾಗುತ್ತದೆಂದು ಊಹಿಸಬಹುದು. ಕೆಂಪು, ಹಳದಿಗಳಿಗೆ ಕೆಳಗಿನದನ್ನು ಮುಚ್ಚುವ ಶಕ್ತಿ ಕಡಿಮೆ. ಬಿಳಿಗೋ ಬೆಳ್ಳಿಗೋ ಎರಡು ಕೈ ಸಾಕಾದ ಜಾಗದಲ್ಲಿ ಕೆಂಪಿಗೆ ನಾಲ್ಕು ಕೈ ಬೇಕಾದೀತು. ಬೂದು ಬಣ್ಣದ ಮೇಲೊಂದು ಕೆಂಪು, ಕಪ್ಪಿನ ಮೇಲೆ ಕುಂದಿದ ಇನ್ನೊಂದು ಕೆಂಪು. ಒಂದೇ ಡಬ್ಬಿಯ ಬಣ್ಣ, ಒಂದೇ ಗನ್ನು, ಒಂದೇ ಕೈ; ಆದರೂ ಬಿಸಿಲಿಗೆ ನಿಲ್ಲಿಸಿದರೆ ಎರಡು ಕಾರನ್ನು ಸೇರಿಸಿ ಹೊಲಿದಂತೆ ಕಾಣುತ್ತದೆ. ಪೇಂಟರು ಕೆಂಪಿನ ಮೇಲೆ ಕೆಂಪು ಸುರಿಯುತ್ತ ಹೋಗುತ್ತಾನೆ. ಪದರ ದಪ್ಪವಾದಷ್ಟೂ ಒಳಗಿನ ಥಿನ್ನರ್ ಹೊರಬರಲು ತಡ, ಇಳಿಜಾರಿನಲ್ಲಿ ಬಣ್ಣ ಸೋರುವ ಭಯ ಬೇರೆ.

ಇದಕ್ಕೆಲ್ಲ ಮದ್ದು ಸೀಲರ್. ಉಜ್ಜಿ ಮುಗಿಸಿದ ಪ್ರೈಮರಿನ ಮೇಲೆ, ಬಣ್ಣಕ್ಕೆ ಸ್ವಲ್ಪ ಮೊದಲು, ತೆಳ್ಳಗೆ ಒಂದೇ ಒಂದು ಒದ್ದೆ ಕೈ. ಅದನ್ನು ಉಜ್ಜುವ ಹಾಗಿಲ್ಲ. ಹದಿನೈದೋ ಇಪ್ಪತ್ತೋ ನಿಮಿಷ ಬಿಟ್ಟು, ಹೊಳಪು ಇಳಿದು ಮಂಕಾದ ಮೇಲೆ, ನೇರ ಬಣ್ಣ. ಬೇರೆಯೇ ಡಬ್ಬಿಯಲ್ಲಿ ಬರುವ ಸೀಲರೂ ಇದೆ. ಕೆಲವು ಎಪಾಕ್ಸಿ ಪ್ರೈಮರುಗಳನ್ನು ಡಬ್ಬಿಯ ಹಾಳೆಯಲ್ಲಿ ಹೇಳಿದ ಅಳತೆಗೆ ಥಿನ್ನರ್ ಹೆಚ್ಚು ಬೆರೆಸಿ ಸೀಲರಾಗಿಯೂ ಹೊಡೆಯಬಹುದು. ಅದರ ಕೆಲಸ ಮೂರು. ಬೂದು, ಕಪ್ಪು, ಹಳೇ ಬಣ್ಣದ ಅಂಚು ಎಲ್ಲಕ್ಕೂ ಒಂದೇ ಬಣ್ಣದ ತಳ ಕೊಡುವುದು. ಪ್ರೈಮರಿನ ಸಂದುಗಳನ್ನು ಮುಚ್ಚಿ ಮೇಲಿನ ಬಣ್ಣದ ಸಾರ ಕೆಳಗಿಳಿಯದಂತೆ ತಡೆಯುವುದು. ಕೆಳಗಿನ ಪುಟ್ಟಿಗೂ ಹಳೇ ಬಣ್ಣಕ್ಕೂ ಮೇಲಿನ ಥಿನ್ನರು ತಾಗದಂತೆ ಅಡ್ಡ ನಿಲ್ಲುವುದು. ಸೀಲರ್ ಇಲ್ಲದ ಕಡೆ ಬಣ್ಣ ಹೊಡೆದ ದಿನ ಮಿರಮಿರ ಮಿಂಚುತ್ತದೆ. ಎರಡು ತಿಂಗಳಿಗೆ ಪುಟ್ಟಿ ಇದ್ದ ಜಾಗದ ಸುತ್ತ ಗೆರೆ ಎದ್ದು, ಎಲ್ಲಿಂದ ಎಲ್ಲಿಗೆ ಮೆತ್ತಿದ್ದರೆಂದು ನಕ್ಷೆ ತೆಗೆದಂತೆ ತೋರಿಸುತ್ತದೆ.

ಕೊಪ್ಪಳದ ಕಿನ್ನಾಳದ ಬಣ್ಣದ ಗೊಂಬೆಗಳನ್ನು ನೋಡಿದ್ದೀರಲ್ಲ? ಅಲ್ಲಿನ ಚಿತ್ರಗಾರರು ಹಗುರ ಮರದ ಮೇಲೆ ಮೊದಲೇ ಬಣ್ಣ ಹಚ್ಚುವುದಿಲ್ಲ. ಸೆಣಬಿನ ನಾರಿನ ಪುಡಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟ ಮೆತ್ತಿ, ಹತ್ತಿ ಬಟ್ಟೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಸರಿ ಬಳಿದು, ಆಮೇಲೆ ಕುಂಚ ಹಿಡಿಯುತ್ತಾರೆ. ಗೌರಿಯ ಸೀರೆಯ ಕೆಂಪನ್ನು ಎಲ್ಲರೂ ಹೊಗಳುತ್ತಾರೆ. ಆ ಕೆಂಪು ಹಾಗೆ ನಿಲ್ಲುವುದು ಕೆಳಗಿನ ಸರಿಯ ದೆಸೆಯಿಂದ. ಕಾರಿನ ಬಾನೆಟ್ಟಿನ ಶಾಸ್ತ್ರವೂ ಇದೇ, ಸಾಮಗ್ರಿ ಮಾತ್ರ ಬೇರೆ.

ಮದುವೆ ಮುಗಿಸಿ ಬಂದ ಮೇಲೆ ರಾಯರು ನನ್ನನ್ನೂ ಎಳೆದುಕೊಂಡು ಶೆಡ್ಡಿಗೆ ಹೋದರು. ಮಳೆ ತಾಗಿದ್ದ ಪ್ರೈಮರನ್ನು ಮೇಸ್ತ್ರಿ ಮೊದಲು ಒಳಗೆ ನಿಲ್ಲಿಸಿ, ಹ್ಯಾಲೊಜನ್ ದೀಪ ಹಾಕಿ ಚೆನ್ನಾಗಿ ಕಾಯಿಸಿ ಒಣಗಿಸಿದ. ಗಾಜಿಗೆ ಹಚ್ಚಿ ಎಂದರೂ ಅತ್ತಿಗೆ ಸಮಾಧಾನವಿಲ್ಲದೆ ಬಾನೆಟ್ಟಿನ ಮೂಲೆಗೊಂದು ಬೊಟ್ಟು ಇಟ್ಟೇ ಇದ್ದರು. ಒರೆಸಿದರೆ ಪುಡಿ ಹೋಯಿತು, ಗುಲಾಬಿ ಕಲೆ ಹೋಗಲಿಲ್ಲ. ಮೇಸ್ತ್ರಿ ಆ ಜಾಗವನ್ನು ಉಜ್ಜಿ ತೆಗೆದು ಹೊಸ ಪ್ರೈಮರ್ ಹಾಕಿದ. ಕುಂಕುಮದ ಬಣ್ಣ ಮೇಲಿನ ಬಣ್ಣಕ್ಕೆ ಹತ್ತಿ ಬಂದರೆ ಆಮೇಲೆ ಯಾರು ಉತ್ತರ ಹೇಳುವುದು?

ಅಲ್ಲಿ ಬಾನೆಟ್ ಉಜ್ಜುತ್ತಿದ್ದ ಹುಡುಗನ ಕೆಲಸ ನೋಡುವಂತಿತ್ತು. ಅವನು ಮೊದಲು ಕಪ್ಪು ಬಣ್ಣಕ್ಕೆ ಥಿನ್ನರ್ ಧಾರಾಳವಾಗಿ ಬೆರೆಸಿ, ದೂರದಿಂದ ಇಡೀ ಬಾನೆಟ್ಟಿಗೆ ಚುಕ್ಕಿ ಬಿದ್ದಂತೆ ಹೊಡೆದ. ರಾಯರು "ಅಯ್ಯೋ, ಹಾಳು ಮಾಡ್ತಿದ್ದಾನೆ!" ಎಂದು ಎದ್ದೇಬಿಟ್ಟರು. ಅದು ಗೈಡ್ ಕೋಟ್. ಒಣಗಿದ ಮೇಲೆ ಹುಡುಗ ಉದ್ದದ ಮರದ ಪಟ್ಟಿಗೆ 320 ನಂಬರ್ ಪೇಪರ್ ಸುತ್ತಿ ಒಂದು ಮೂಲೆಯಿಂದ ಎದುರು ಮೂಲೆಗೆ, ಆಮೇಲೆ ಅದಕ್ಕೆ ಅಡ್ಡಲಾಗಿ, ಓರೆಯಾಗಿ ಉಜ್ಜಿದ. ಬೆರಳಿನಲ್ಲಿ ಪೇಪರ್ ಒತ್ತಿ ಉಜ್ಜಿದರೆ ಬೆರಳಿನ ಗಾತ್ರದ ಗುಂಡಿ ಬೀಳುತ್ತದೆ; ಪಟ್ಟಿಯಾದರೆ ಉಬ್ಬನ್ನು ಮಾತ್ರ ಸವರುತ್ತದೆ. ಉಬ್ಬಿನ ಮೇಲಿದ್ದ ಕಪ್ಪು ಮೊದಲು ಹೋಯಿತು, ಸಪಾಟು ಜಾಗದ್ದು ಆಮೇಲೆ ಹೋಯಿತು. ಕೊನೆಗೆ ಬೂದು ಬಾನೆಟ್ಟಿನ ನಡುವೆ ಎಂಟಾಣೆ ಅಗಲದ ಎರಡು ಕಪ್ಪು ಮಚ್ಚೆ ಮಾತ್ರ ಉಳಿದವು. ತೆಂಗಿನಕಾಯಿ ಬಿದ್ದಿದ್ದು ಸರಿಯಾಗಿ ಅಲ್ಲೇ. ಟಿಂಕರಿಂಗ್ ಆಗಿ, ಪುಟ್ಟಿಯಾಗಿ, ಪ್ರೈಮರ್ ಆಗಿ, ಕಣ್ಣಿಗೆ ಏನೂ ಕಾಣದ ಮೇಲೂ ತಗ್ಗು ಉಳಿದೇ ಇತ್ತು. ಹುಡುಗ ಅಲ್ಲಿಗೆ ಮಾತ್ರ ಮತ್ತೆ ತೆಳ್ಳಗೆ ಪುಟ್ಟಿ ಎಳೆದ, ಮತ್ತೆ ಪ್ರೈಮರ್, ಮತ್ತೆ ಗೈಡ್ ಕೋಟ್, ಮತ್ತೆ ಉಜ್ಜಾಟ.

"ಇಷ್ಟು ಸಣ್ಣ ತಗ್ಗು ಯಾರಿಗೆ ಕಾಣ್ತದೆ ಮಾರಾಯ?" ಎಂದರು ರಾಯರು.

"ಪ್ರೈಮರಲ್ಲಿ ಯಾರಿಗೂ ಕಾಣಲ್ಲ ಸಾರ್. ಬಣ್ಣ ಹೊಡೆದು ಹೊಳಪು ಬಂದ ಮೇಲೆ ಲೈಟು ಕಂಬ ಅದರಲ್ಲಿ ಸೊಟ್ಟ ಕಾಣ್ತದೆ. ಆವಾಗ ನೀವೇ ಬಂದು ಬೈತೀರಿ" ಎಂದ ಮೇಸ್ತ್ರಿ.

320 ಆದ ಮೇಲೆ 400, ಅದಾದ ಮೇಲೆ 500. ನಂಬರ್ ಹೆಚ್ಚಿದಷ್ಟೂ ಪೇಪರ್ ನಯ. ಒಮ್ಮೆಲೇ 180ರಿಂದ 600ಕ್ಕೆ ಹಾರುವ ಜಾಣರಿದ್ದಾರೆ. ನಯ ಪೇಪರಿಗೆ ಒರಟು ಗೀರನ್ನು ಅಳಿಸುವ ತಾಕತ್ತಿಲ್ಲ. ಅದು ಗೀರಿನ ಅಂಚನ್ನು ಸವರಿ ಮುಚ್ಚಿಟ್ಟಂತೆ ಮಾಡುತ್ತದೆ. ಬಣ್ಣದ ಥಿನ್ನರ್ ಬಿದ್ದಾಗ ಆ ಗೀರಿನ ಅಂಚುಗಳು ಊದಿಕೊಂಡು ಮೇಲೇಳುತ್ತವೆ. ಸೀಲರ್ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ ಎಂಬ ನಂಬಿಕೆಯೊಂದು ಶೆಡ್ಡುಗಳಲ್ಲಿದೆ. ಅದು ಸುಳ್ಳು. ಸೀಲರ್ ತೆಳು ಪದರ, ಗುಂಡಿ ತುಂಬುವುದು ಅದರ ಕೆಲಸವಲ್ಲ. ಉಜ್ಜಲು ಬೇಸರಪಟ್ಟವನನ್ನು ಯಾವ ಡಬ್ಬಿಯೂ ಕಾಪಾಡುವುದಿಲ್ಲ.

ಉಜ್ಜಿದ್ದಾಯಿತು, ಧೂಳು ಊದಿದ್ದಾಯಿತು. ರಾಯರು ಸಂತೋಷದಿಂದ ಬಾನೆಟ್ ಸವರಲು ಕೈ ಚಾಚಿದರು. ಮೇಸ್ತ್ರಿ ಹಾರಿ ಬಂದು ಅವರ ಮಣಿಕಟ್ಟು ಹಿಡಿದ. ರಾಯರ ತಲೆಗೆ ಮೂರು ಹೊತ್ತೂ ಕೊಬ್ಬರಿ ಎಣ್ಣೆ, ಆ ಎಣ್ಣೆಯ ಕೈ! ಎಣ್ಣೆ ತಾಗಿದ ಜಾಗದಿಂದ ಒದ್ದೆ ಬಣ್ಣ ಹಿಂದೆ ಸರಿದು, ನಡುವೆ ಗುಂಡಗೆ ಒಂದು ತೂತು ಬಿಡುತ್ತದೆ. ಪೇಂಟರುಗಳು ಅದನ್ನು ಫಿಶ್ ಐ ಅನ್ನುತ್ತಾರೆ. ಕೊಬ್ಬರಿ ಎಣ್ಣೆಗಿಂತ ದೊಡ್ಡ ಶತ್ರು ಸಿಲಿಕೋನ್. ಡ್ಯಾಶ್‌ಬೋರ್ಡಿಗೆ, ಟೈರಿಗೆ ಮಿಂಚಲಿ ಎಂದು ಹೊಡೆಯುವ ಸ್ಪ್ರೇಗಳಲ್ಲಿ ಅದಿರುತ್ತದೆ. ಪಕ್ಕದ ಗಾಡಿಗೆ ಹೊಡೆದರೂ ಗಾಳಿಯಲ್ಲಿ ಬಂದು ಈ ಗಾಡಿಯ ಮೇಲೆ ಕೂರುತ್ತದೆ.

ಆದ್ದರಿಂದ ಸೀಲರಿಗೆ ಮುಂಚೆ ಒರೆಸುವ ಶಾಸ್ತ್ರ. ಮೇಸ್ತ್ರಿಯ ಎರಡು ಕೈಯಲ್ಲಿ ಎರಡು ಬಿಳಿ ಬಟ್ಟೆ. ಬಲಗೈಯದ್ದು ಡಿಗ್ರೀಸರಿನಲ್ಲಿ ಒದ್ದೆ, ಎಡಗೈಯದ್ದು ಒಣ. ಒಂದು ಮೊಳ ಜಾಗ ಒದ್ದೆ ಮಾಡುವುದು, ಅದು ಆರುವ ಮೊದಲೇ ಒಣ ಬಟ್ಟೆಯಲ್ಲಿ ಎತ್ತುವುದು. ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಮತ್ತೆ ಅಲ್ಲೇ ಹರಡಿ ಕೂರುತ್ತದೆ. ಬಟ್ಟೆಯನ್ನು ಪದೇಪದೇ ಮಡಿಸಿ ಹೊಸ ಮಗ್ಗುಲು ತಿರುಗಿಸುತ್ತಿದ್ದ. ಎಷ್ಟೋ ಕಡೆ ಒಂದೇ ಹಳೇ ಬನಿಯನ್ ಚೂರಿನಲ್ಲಿ ಇಡೀ ಕಾರು ಒರೆಸುವುದನ್ನು ನೋಡಿದ ನನಗೆ ಇದು ಪೂಜೆಯಂತೆಯೇ ಕಂಡಿತು, ಅತ್ತಿಗೆ ಬೇಸರ ಮಾಡಿಕೊಳ್ಳಬಾರದು.

ಶ್ರಾವಣದ ಶಿವಮೊಗ್ಗದಲ್ಲಿ ಗಾಳಿಯನ್ನು ಹಿಂಡಿದರೆ ನೀರು ಬರುತ್ತದೆ. ಕಂಪ್ರೆಸರು ಆ ಗಾಳಿಯನ್ನೇ ಒತ್ತಿ ಟ್ಯಾಂಕಿಗೆ ತುಂಬುವುದರಿಂದ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ಮೇಸ್ತ್ರಿ ತಳದ ಕಾಕ್ ತಿರುಗಿಸಿದಾಗ ಕಂದು ನೀರು ಚಿಮ್ಮಿತು. ಅದನ್ನು ಬಿಡದೆ ಗನ್ ಹಿಡಿದಿದ್ದರೆ ಅದೆಲ್ಲ ಸೀಲರಿನ ಜೊತೆ ಬಾನೆಟ್ಟಿನ ಮೇಲೆ. ತಗಡು ತಣ್ಣಗಿದ್ದರೂ ತೊಂದರೆ. ಗಾಳಿಯ ತೇವ ತಗಡಿನ ಮೇಲೆ ಕಾಣದ ಹಾಗೆ ಇಬ್ಬನಿ ಕಟ್ಟುತ್ತದೆ. ಇಬ್ಬನಿ ಕಟ್ಟುವ ಉಷ್ಣತೆಗಿಂತ ತಗಡು ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕೆಂಬುದು ಬಣ್ಣದವರ ಲೆಕ್ಕ. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣದವರಿಗೆ ಮಳೆಗಾಲದ ಈ ಗೋಳು ಚೆನ್ನಾಗಿ ಗೊತ್ತು. ಥಿನ್ನರ್ ಬೇಗ ಹಾರಿ, ಮೇಲ್ಮೈ ತಣಿದು, ತೇವ ಬಣ್ಣದೊಳಕ್ಕೇ ಸೇರಿ ಬಿಳಿ ಮಬ್ಬು ಕವಿಯುತ್ತಿತ್ತು. ಎನ್‌ಸಿಗೆ ಇನ್ನೊಂದು ಗುಣವಿದೆ: ಒಣಗಿ ವರ್ಷವಾದರೂ ಥಿನ್ನರ್ ಬಿದ್ದರೆ ಮತ್ತೆ ಕರಗುತ್ತದೆ. ಹಳೇ ಗಾಡಿಯಲ್ಲಿ ಕೆಳಗೆ ಎನ್‌ಸಿ ಇದ್ದು ಮೇಲೆ ಈಗಿನ ಪಿಯು (ಪಾಲಿಯುರಿಥೇನ್) ಬಣ್ಣ ಹೊಡೆದರೆ ಸುಕ್ಕುಗಟ್ಟುವ ಭಯ ಅದಕ್ಕೇ. ಸೀಲರ್ ಅಲ್ಲಿ ಸ್ವಲ್ಪ ಮಟ್ಟಿಗೆ ತಡೆ ನಿಲ್ಲುತ್ತದೆ, ಪೂರ್ತಿ ಭರವಸೆ ಇಲ್ಲ. ಹಳೇ ಪದರ ದುರ್ಬಲವಾಗಿದ್ದರೆ ತೆಗೆಯುವುದೇ ಸರಿ.

ಸೀಲರಿಗೆ ಹಾರ್ಡ್‌ನರ್ ಬೆರೆಸುವ ಹೊತ್ತಿಗೆ ಉಜ್ಜುತ್ತಿದ್ದ ಹುಡುಗ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಹತ್ತಿರ ಬಂದ. ಇಲ್ಲಿ ನನ್ನ ಹರಟೆಗೆ ಸ್ವಲ್ಪ ಬ್ರೇಕ್. ಪಿಯು ಬಣ್ಣ, ಕ್ಲಿಯರ್ ಮೊದಲಾದವುಗಳ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಎಂಬ ವಸ್ತುವಿರುತ್ತದೆ. ಅದರ ಹನಿ ಉಸಿರಿನೊಳಗೆ ಹೋದರೆ ದಮ್ಮು ಬರಬಹುದು. ಒಮ್ಮೆ ಮೈಗೆ ಒಗ್ಗದೆ ಹೋಯಿತೆಂದರೆ ಆಮೇಲೆ ಚೂರೇ ಚೂರು ತಾಗಿದರೂ ಉಸಿರು ಕಟ್ಟುತ್ತದೆ, ಆ ಕಸುಬನ್ನೇ ಬಿಡಬೇಕಾಗುತ್ತದೆ. ಕರ್ಚೀಫು ಧೂಳಿಗೇ ಸಾಲದು, ಇದಕ್ಕೆ ಎಲ್ಲಿಯದು? ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯಲ್ಲಿ ಕೊಡುವ ಮುಖವಾಡ ಇದಕ್ಕೆ ಸರಿಯಾದದ್ದು. ಅದಿಲ್ಲದ ಶೆಡ್ಡಿನಲ್ಲಿ ಕಾರ್ಬನ್ ಕಾರ್ಟ್ರಿಜ್ ಮಾಸ್ಕಾದರೂ ಗನ್ ಹಿಡಿದವನಿಗಿರಲಿ, ಉಳಿದವರು ಹೊರಗಿರಲಿ. ಮೇಸ್ತ್ರಿ ತಾನು ಮಾಸ್ಕ್ ಹಾಕಿ ಹುಡುಗನನ್ನು ಹೊರಗೆ ಅಟ್ಟಿದ. ನಮ್ಮನ್ನೂ ಅಟ್ಟಿದ.

ಹೊರಗೆ ನಿಂತಾಗ ರಾಯರು ಅಸಲು ವಿಷಯಕ್ಕೆ ಬಂದರು. "ಇವನು ಹೇಳೋ ರೇಟು ನೋಡಿ ಮಾರಾಯ್ರೇ. ಅರ್ಧ ಲೀಟರ್ ಬಣ್ಣಕ್ಕೆ ಇಷ್ಟಾಗ್ತದಾ? ನಾನೇ ಅಂಗಡಿಗೆ ಹೋಗಿ ಕೇಳಿ ಬಂದಿದ್ದೇನೆ."

ಈ ಪ್ರಶ್ನೆಗೆ ನನ್ನ ಉದ್ಯೋಗದ ಚೀಲದಲ್ಲೊಂದು ಉತ್ತರವಿದೆ. ನಮ್ಮ ಮೋಟಾರು ವಿಮೆಯ ನಿಯಮದಲ್ಲಿ ಬಣ್ಣದ ಕೆಲಸಕ್ಕೆ ಸವಕಳಿ ಕಳೆಯುವುದು ಸಾಮಗ್ರಿಯ ಬೆಲೆಯ ಮೇಲೆ ಮಾತ್ರ, ನೂರಕ್ಕೆ 50. ಗ್ಯಾರೇಜಿನವನು ಸಾಮಗ್ರಿ ಬೇರೆ, ಕೂಲಿ ಬೇರೆ ಎಂದು ಬರೆಯದೆ ಒಟ್ಟು ಬಿಲ್ ಕೊಟ್ಟರೆ, ಅದರಲ್ಲಿ ನೂರಕ್ಕೆ 25 ಸಾಮಗ್ರಿ ಎಂದು ಹಿಡಿಯಬೇಕು. ಎಂಟು ಸಾವಿರದ ಬಿಲ್ಲಾದರೆ ಸಾಮಗ್ರಿ ಎರಡು ಸಾವಿರ, ಅದರಲ್ಲಿ ಕಳೆಯುವುದು ಒಂದು ಸಾವಿರ. ಪೈಸೆ ಪೈಸೆಗೂ ಜಗ್ಗಾಡುವ ವಿಮೆಯವರೇ ಬಣ್ಣದ ಕೆಲಸದಲ್ಲಿ ಮುಕ್ಕಾಲು ಪಾಲು ಕೈಯ ಕೆಲಸ ಎಂದು ಬರೆದಿಟ್ಟಿದ್ದಾರೆ.

"ನನ್ನದು ಥರ್ಡ್ ಪಾರ್ಟಿ ಪಾಲಿಸಿ ಮಾರಾಯ್ರೇ. ನನಗೆ ಒಂದು ಪೈಸೆಯೂ ಬರೋದಿಲ್ಲ."

"ದುಡ್ಡು ಬರದಿದ್ರೂ ಲೆಕ್ಕ ಬರ್ತದಲ್ಲ ರಾಯರೇ. ಕೆಂಪು ಬಣ್ಣ ಹೊಡೆಯೋಕೆ ಅವನಿಗೆ ಎಷ್ಟು ಹೊತ್ತು ಬೇಕು? ಮೂರು ನಾಲ್ಕು ಕೈ, ಮಧ್ಯೆ ಮಧ್ಯೆ ಹತ್ತು ಹದಿನೈದು ನಿಮಿಷ. ಒಂದು ಸಂಜೆಯ ಕೆಲಸ. ನೀವು ಕೊಡೋ ಮುಕ್ಕಾಲು ಪಾಲು ಆ ಸಂಜೆಗಲ್ಲ. ಅದರ ಹಿಂದಿನ ದಿನಗಳಿಗೆ."

ರಾಯರು ಲೆಕ್ಕ ಒಪ್ಪಿದರು, ರೇಟು ಒಪ್ಪಲಿಲ್ಲ. ಒಳಗೆ ಹೋಗಿ ಚೌಕಾಸಿ ಮಾಡಿಯೇ ಬಂದರು. ಚೌಕಾಸಿ ನಮ್ಮ ಹಕ್ಕು, ಅದನ್ನು ಬೇಡವೆನ್ನಲು ನಾನ್ಯಾರು? ಆದರೆ ನಾವು ಬೆಲೆ ಇಳಿಸಿದಾಗ ಪೇಂಟರು ಬಣ್ಣದಲ್ಲಿ ಕಡಿಮೆ ಮಾಡುವುದಿಲ್ಲ, ಅದು ನಮ್ಮ ಕಣ್ಣಿಗೆ ಬೀಳುತ್ತದೆ. ಅವನು ಕಡಿಮೆ ಮಾಡುವುದು ಎರಡನೇ ಸಲದ ಗೈಡ್ ಕೋಟನ್ನು, ಮೂರನೇ ನಂಬರಿನ ಪೇಪರನ್ನು, ಒಣ ಬಟ್ಟೆಯನ್ನು, ಸೀಲರನ್ನು.

ಹಾಗಾಗಿ ಗಾಡಿ ಬಣ್ಣಕ್ಕೆ ಬಿಡುವ ಪುಣ್ಯಾತ್ಮರಲ್ಲಿ ನನ್ನದೊಂದು ವಿನಂತಿ. ಶೇಡ್ ಕಾರ್ಡ್ ಆಮೇಲೆ ತಿರುವಿ. ಮೊದಲು ನಾಲ್ಕು ಮಾತು ಕೇಳಿ: ಹೊಸ ತಗಡಿನ ಕಪ್ಪು ಥಿನ್ನರಿಗೆ ಬಿಡುತ್ತದೆಯೇ, ಪ್ರೈಮರನ್ನು ಗೈಡ್ ಕೋಟ್ ಹಾಕಿ ಉಜ್ಜುತ್ತೀಯಾ, ಬಣ್ಣಕ್ಕೆ ಮುಂಚೆ ಸೀಲರ್ ಹೊಡೆಯುತ್ತೀಯಾ, ಗನ್ ಹಿಡಿಯುವವನಿಗೆ ಮಾಸ್ಕ್ ಇದೆಯೇ. ಉತ್ತರ ಸಿಕ್ಕಿದರೆ ಅವುಗಳನ್ನು ಬಿಲ್ಲಿನಲ್ಲಿ ಬೇರೆ ಸಾಲಾಗಿ ಬರೆಸಿ, ಆ ಸಾಲುಗಳಿಗೆ ಚೌಕಾಸಿ ಮಾಡಬೇಡಿ. ಬಣ್ಣ ಬೀಳುವ ತನಕ ಗಾಡಿಯನ್ನು ಮಳೆಗೆ ತೆಗೆಯಬೇಡಿ, ಮದುವೆ ಯಾರದ್ದೇ ಇರಲಿ, ಬಸ್ಸಿದೆ.